ಶಿರಸಿಯಲ್ಲಿ ಹೊಲಿಸಿದ ಸೈಕಲ್ ಚೀಲ: ದೇವಿಮನೆ ಘಟ್ಟದಿಂದ ತಂಗ್ಲಾಂಗ್ ಲಾವರೆಗೆ

ಸೈಕಲ್ಲಿನ ಹಿಂಬದಿ ಕ್ಯಾರಿಯರಿಗೆ ಎಡಕ್ಕೊಂದು ಬಲಕ್ಕೊಂದು ನೇತುಹಾಕುವ ಚೀಲದ ಜೋಡಿ ಇದು. ಒಂದೊಂದರಲ್ಲಿ ಸುಮಾರು ಇಪ್ಪತ್ತು ಲೀಟರ್ ಸಾಮಾನು ಹಿಡಿಯುತ್ತದೆ. ಲಾರಿಗೆ ಹೊದೆಸುವ ದಪ್ಪ ತಾಡಪತ್ರಿಯಿಂದ ಹೊಲಿದದ್ದು. ಹೊರಗೆ ಕಡುನೀಲಿ, ಒಳಗೆ ಬೂದು. ಜೋಡಿಗೆ 2,800 ರೂಪಾಯಿ. ಕಂಪನಿಯ ಹೆಸರಿಲ್ಲ, ಮುದ್ರೆಯಿಲ್ಲ, ರಟ್ಟಿನ ಪೆಟ್ಟಿಗೆಯಿಲ್ಲ. ರಸೀದಿ ಕೇಳಿದಾಗ ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಬರೆದುಕೊಟ್ಟರು. ಸೊಸೈಟಿಯಲ್ಲಿ ಲೆಕ್ಕ ಬರೆದು ಹೊಟ್ಟೆ ಹೊರೆಯುವ ನನಗೆ ಆ ರಸೀದಿ ಅಷ್ಟು ಹಿಡಿಸಲಿಲ್ಲ. ಚೀಲ ಹಿಡಿಸಿತು. ಎಲ್ಲಿ ಹಿಡಿಸಿತು, ಎಲ್ಲಿ ಕಾಡಿತು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಲಡಾಖಿಗೆ ಸೈಕಲ್ಲಿನಲ್ಲಿ ಹೋಗಬೇಕೆಂದು ಹೊರಡುವ ನಮ್ಮ ಕಡೆಯ ಹುಡುಗರು ಸೈಕಲ್ಲಿಗೆ ನಲವತ್ತು ಸಾವಿರ ಸುರಿದು, ಚೀಲದ ವಿಚಾರಕ್ಕೆ ಬಂದಾಗ ಶಾಲೆಯ ಬ್ಯಾಗನ್ನು ಹಗ್ಗದಲ್ಲಿ ಬಿಗಿಯುವುದನ್ನು ನೋಡಿ ನೋಡಿ ಸಾಕಾಗಿದೆ.

ಹೊಲಿದವರು ಶಿರಸಿಯಲ್ಲಿ ಜೀಪಿನ ಹುಡ್, ಲಾರಿಯ ತಾಡಪತ್ರಿ, ಸ್ಕೂಟರಿನ ಸೀಟು, ಅಡಿಕೆ ಅಂಗಳದ ಹೊದಿಕೆ ಇಂಥವನ್ನೆಲ್ಲ ಮಾಡಿಕೊಡುವವರು. ಹೆಸರು, ನಂಬರು ಹಾಕುವುದಿಲ್ಲ. ಕೆಲಸದ ನಡುವೆ ಫೋನು ಬಂದರೆ ಅವರಿಗೆ ಸಿಟ್ಟು ನೆತ್ತಿಗೇರುತ್ತದೆ. ಪೇಟೆಯಲ್ಲಿ ಯಾವ ಲಾರಿ ಚಾಲಕರನ್ನು ಕೇಳಿದರೂ ಅಂಗಡಿ ತೋರಿಸುತ್ತಾರೆ. ಅಂಗಡಿಯೆಂದರೆ ಒಂದು ತಗಡಿನ ಮಾಡು, ಎರಡು ಹೊಲಿಗೆ ಯಂತ್ರ, ನೆಲದ ತುಂಬ ಸುರುಳಿ ಸುತ್ತಿದ ತಾಡಪತ್ರಿ. ಕೂರಲು ಜಾಗ ಬೇಕಾದರೆ ಯಾರದ್ದೋ ಕಿತ್ತಿಟ್ಟ ಜೀಪಿನ ಸೀಟು ಇದೆ.

ನಾನು ಚಿತ್ರ ಬರೆದುಕೊಂಡು ಹೋಗಿದ್ದೆ. ಮೇಲೆ ಜಿಪ್, ಹೊರಗೆ ಎರಡು ಪಾಕೀಟು, ಪಾಕೀಟಿಗೂ ಜಿಪ್. ಅವರು ಕನ್ನಡಕ ಏರಿಸಿ ನೋಡಿ, ಪೆನ್ಸಿಲ್ಲಿನಿಂದ ಒಂದೊಂದೇ ಜಿಪ್ಪನ್ನು ಹೊಡೆದುಹಾಕಿದರು.

"ಹೆಗಡೆಯವರೇ, ಚೈನು ಹಾಕಿದ ಲಾರಿ ಎಲ್ಲಾದರೂ ನೋಡಿದ್ದೀರಾ?"

"ಲಾರಿ ಬೇರೆ, ಸೈಕಲ್ ಬೇರೆ ಭಾಯ್."

"ಮಳೆಗೆ ಎರಡೂ ಒಂದೇ. ಚೈನು ಬೇಕೇ ಬೇಕು ಎಂದರೆ ಮುಂದಿನ ಬೀದಿಗೆ ಹೋಗಿ, ಕಾಲೇಜು ಬ್ಯಾಗು ಹೊಲಿಯುವವರಿದ್ದಾರೆ."

ಹಾಗಾಗಿ ಬಾಯಿ ಸುರುಳಿ ಸುತ್ತಿ ಎರಡು ಪಟ್ಟಿಯಿಂದ ಕೆಳಕ್ಕೆ ಬಿಗಿಯುವ ನಮೂನೆಯಾಯಿತು. ಹೊರದೇಶದ ಒಳ್ಳೆಯ ಚೀಲಗಳೂ ಇದೇ ನಮೂನೆಯವು. ಜರ್ಮನಿಯ ಆರ್ಟ್ಲೀಬ್ ಎಂಬ ಕಂಪನಿಯ ಚೀಲವನ್ನು ದೂರ ತಿರುಗುವ ಸೈಕಲ್ ಸವಾರರಲ್ಲಿ ಬಹಳ ಮಂದಿ ಬಳಸುತ್ತಾರೆ. ಅದು ಹುಟ್ಟಿದ ಕಥೆ ಹೀಗಿದೆ: 1981ರಲ್ಲಿ ಹಾರ್ಟ್‌ಮುಟ್ ಆರ್ಟ್ಲೀಬ್ ಎಂಬ ಯುವಕ ಇಂಗ್ಲೆಂಡಿನ ದಕ್ಷಿಣದಲ್ಲಿ ಮಳೆಗೆ ಸಿಕ್ಕಿ ಸೈಕಲ್ ತುಳಿಯುತ್ತಿದ್ದಾಗ ತಾಡಪತ್ರಿ ಹೊದ್ದ ಲಾರಿಯೊಂದನ್ನು ಕಂಡ. ಲಾರಿಯ ಸಾಮಾನು ಒಣಗಿಯೇ ಇದೆ, ತನ್ನ ಬಟ್ಟೆಬರೆಯೆಲ್ಲ ತೊಯ್ದು ತೊಪ್ಪೆಯಾಗಿದೆ. ಊರಿಗೆ ಮರಳಿದವನು ಅಮ್ಮನ ಹೊಲಿಗೆ ಯಂತ್ರದಲ್ಲಿ ಲಾರಿ ತಾಡಪತ್ರಿಯನ್ನೇ ಚೀಲವಾಗಿ ಹೊಲಿದ. 1982ರಲ್ಲಿ ಕಂಪನಿ ಶುರುವಾಯಿತು. ಇದನ್ನು ನಮ್ಮ ಭಾಯ್‌ಗೆ ಹೇಳಿದರೆ ಅವರು ಕೇಳಿದ ಪ್ರಶ್ನೆ ಒಂದೇ: "ಯಂತ್ರ ಯಾವುದಂತೆ?"

ಈಗ ಆ ಕಂಪನಿ ಅಂಚುಗಳನ್ನು ಹೊಲಿಯುವುದಿಲ್ಲ, ಬೆಸೆಯುತ್ತದೆ. ಹೊಲಿಗೆ ಎಂದರೆ ಸೂಜಿಯ ತೂತು, ತೂತು ಎಂದರೆ ನೀರಿಗೆ ದಾರಿ. ಶಿರಸಿಯ ಅಂಗಡಿಯಲ್ಲಿ ಬೆಸೆಯುವ ಯಂತ್ರ ಇಲ್ಲ. ಅದಕ್ಕೆ ಅವರು ಮಾಡಿದ ಉಪಾಯ ಸರಳವಾದದ್ದು. ಎರಡು ಅಂಚನ್ನೂ ಒಂದರೊಳಗೊಂದು ಮಡಿಸಿ ಎರಡು ಸಾಲು ಹೊಲಿಗೆ ಹಾಕುತ್ತಾರೆ. ಒಳಗಿನಿಂದ ಅದೇ ತಾಡಪತ್ರಿಯ ಒಂದಿಂಚಿನ ಪಟ್ಟಿಯನ್ನು ಅಂಟು ಹಚ್ಚಿ ಒತ್ತುತ್ತಾರೆ. ತಳಕ್ಕೆ ಹೊಲಿಗೆಯೇ ಬಾರದಂತೆ ಒಂದೇ ತುಂಡನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿದ್ದಾರೆ. ನೀರು ನಿಲ್ಲುವುದು ತಳದಲ್ಲಿ ಎಂಬುದು ಲಾರಿಯವರ ಬಯ್ಗುಳ ತಿಂದು ಕಲಿತದ್ದಂತೆ.

ಬೆನ್ನಿಗೆ ಗಟ್ಟಿತನ ಬೇಕು, ಇಲ್ಲದಿದ್ದರೆ ಚೀಲ ಚಕ್ರದ ಕಡ್ಡಿಯೊಳಗೆ ಬಾಗುತ್ತದೆ. ಅಡಿಕೆಗೆ ಹೊಡೆಯುವ ಬೋರ್ಡೋ ಔಷಧಿ ಕಲಸುವ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಸೀಳಿ, ಅದರ ಹಾಳೆಯನ್ನು ಒಳಗೆ ಕೂರಿಸಿದ್ದಾರೆ. ಕೊಕ್ಕೆಗಳು ಅಲ್ಯೂಮಿನಿಯಂ ಪಟ್ಟಿಯವು. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಬಗ್ಗಿಸಿ, ಕ್ಯಾರಿಯರಿನ ಸರಳು ಸವೆಯದಂತೆ ಒಳಗೆ ಹಳೆಯ ಟ್ಯೂಬಿನ ರಬ್ಬರು ಹಾಕಿ, ರಿವೆಟ್ ಹೊಡೆದದ್ದು. ನನ್ನ ಕ್ಯಾರಿಯರಿನ ಸರಳು ಹತ್ತು ಮಿಲಿಮೀಟರಿನದು. ಹನ್ನೆರಡು ಮಿಲಿಮೀಟರಿನದೂ ಬರುತ್ತದೆ, ಆದ್ದರಿಂದ ಅಳತೆ ಕೊಡುವುದು ಮುಖ್ಯ. ಚೀಲದ ಮುಂದಿನ ಕೆಳಮೂಲೆಯನ್ನು ಓರೆಯಾಗಿ ಕತ್ತರಿಸಿದ್ದಾರೆ. ಪೆಡಲ್ ತುಳಿಯುವಾಗ ಹಿಮ್ಮಡಿ ತಾಗಬಾರದಲ್ಲ! ಇದಕ್ಕಾಗಿ ನನ್ನನ್ನು ಅಂಗಡಿಯ ಮುಂದೆಯೇ ಸೈಕಲ್ ಹತ್ತಿಸಿ, ಯಾರೋ ಹಿಡಿದುಕೊಂಡು, ಹಿಂದಕ್ಕೆ ಪೆಡಲ್ ತಿರುಗಿಸಲು ಹೇಳಿ ಸೀಮೆಸುಣ್ಣದಿಂದ ಗುರುತು ಹಾಕಿದರು. ದುಡ್ಡು ಕೊಟ್ಟರೂ ಯಾವ ಕಂಪನಿಯೂ ನನ್ನ ಪಾದದ ಅಳತೆಗೆ ಚೀಲ ಹೊಲಿಯುವುದಿಲ್ಲ.

ಕೊನೆಗೆ ಒಂದು ದಬ್ಬಣ, ಮೇಣ ತಿಕ್ಕಿದ ಒಂದು ಉಂಡೆ ದಾರವನ್ನು ಪೊಟ್ಟಣ ಕಟ್ಟಿ ಚೀಲದೊಳಗೆ ಹಾಕಿದರು. ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ.

ಮಳೆಯ ಪರೀಕ್ಷೆಗೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಜಾಗ ಬೇಕೇ? ಶ್ರಾವಣದಲ್ಲಿ ಶಿರಸಿಯಿಂದ ರಾಗಿಹೊಸಳ್ಳಿ ದಾಟಿ ದೇವಿಮನೆ ಘಟ್ಟ ಇಳಿದು ಕತಗಾಲದ ಮೇಲೆ ಕುಮಟಾಕ್ಕೆ ಹೋಗಿ, ಮಿರ್ಜಾನದ ಕಡೆಯೊಂದು ಸುತ್ತು ಹಾಕಿ, ಮರುದಿನ ಅದೇ ಘಟ್ಟ ಹತ್ತಿದೆ. ಇಡೀ ದಾರಿ ಮೇಲಿನಿಂದ ಮಳೆ, ಕೆಳಗಿನಿಂದ ಚಕ್ರ ಎರಚುವ ಕೆಂಪು ರಾಡಿ. ಒಳಗೆ ಇಟ್ಟಿದ್ದ ವೃತ್ತಪತ್ರಿಕೆಯ ಮಡಿಕೆ ಗರಿಗರಿಯಾಗಿಯೇ ಇತ್ತು. ತೊಂದರೆ ಬಂದದ್ದು ರಿವೆಟ್ಟಿನಲ್ಲಿ. ಕರಾವಳಿಯ ಉಪ್ಪುಗಾಳಿಗೆ ಕಬ್ಬಿಣದ ರಿವೆಟ್ ಕೆಂಪಗಾಗಿ ತಾಡಪತ್ರಿಯ ಮೇಲೆ ಕಲೆ ಇಳಿಸಿತ್ತು. ತಂದು ತೋರಿಸಿದಾಗ ಮಾತಾಡದೆ ಎಲ್ಲವನ್ನೂ ಕಿತ್ತು ಅಲ್ಯೂಮಿನಿಯಂ ರಿವೆಟ್ ಹೊಡೆದರು. ಕಾರವಾರ, ಅಂಕೋಲಾ, ಕುಮಟಾದವರು ಮೊದಲೇ ಹೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು.

ಮಳೆ ಗೆದ್ದ ಚೀಲ ಮರುಭೂಮಿಯಲ್ಲಿ ಏನಾಗುತ್ತದೆ ಎಂಬುದು ಮನಾಲಿ–ಲೇಹ್ ದಾರಿಯಲ್ಲಿ ಗೊತ್ತಾಯಿತು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಲೇಹ್‌ನಲ್ಲಿ ನೂರು ಮಿಲಿಮೀಟರು. ಆಷಾಢದ ಒಂದು ಜೋರಾದ ದಿನ ಕುಮಟಾದಲ್ಲಿ ಸುರಿಯುವುದನ್ನು ಅವರು ವರ್ಷವಿಡೀ ಹಂಚಿಕೊಂಡು ಬದುಕುತ್ತಾರೆ. ಹಿಮಾಲಯದ ಸಾಲು ಮುಂಗಾರಿನ ಮೋಡವನ್ನು ತನ್ನ ದಕ್ಷಿಣದ ಮಗ್ಗುಲಿನಲ್ಲೇ ತಡೆದುಬಿಡುತ್ತದೆ. ಹಾಗಾಗಿ ಅಲ್ಲಿ ಚೀಲದ ಶತ್ರು ನೀರಲ್ಲ. ಧೂಳು, ಬಿಸಿಲು, ಚಳಿ, ಕುಲುಕಾಟ.

ಹುಬ್ಬಳ್ಳಿಯಿಂದ ರೈಲಿನಲ್ಲಿ ಸೈಕಲ್ ಸಾಗಿಸಿದ್ದು, ಮನಾಲಿಯಿಂದ ನಿಧಾನವಾಗಿ ಎತ್ತರಕ್ಕೆ ಮೈ ಒಗ್ಗಿಸಿಕೊಂಡದ್ದು, ಬಾರಾಲಾಚಾ ಘಟ್ಟ ದಾಟಿದ್ದು ಎಲ್ಲ ಬಿಡುತ್ತೇನೆ. ಚೀಲದ ಬಗ್ಗೆ ಹೇಳಬೇಕಾದದ್ದೆಲ್ಲ ಒಂದೇ ದಿನದಲ್ಲಿ ಸಿಗುತ್ತದೆ: ಪಾಂಗ್‌ನಿಂದ ಹೊರಟು, ಮೋರೆ ಬಯಲು ದಾಟಿ, ತಂಗ್ಲಾಂಗ್ ಲಾ (ಲಾ ಎಂದರೆ ಅಲ್ಲಿನ ಮಾತಿನಲ್ಲಿ ಬೆಟ್ಟ ದಾಟುವ ಘಟ್ಟದಾರಿ) ಹತ್ತಿ, ರುಮ್ತ್ಸೆಗೆ ಇಳಿದ ದಿನ. ಸುಮಾರು ನೂರು ಕಿಲೋಮೀಟರು. ಸೆಪ್ಟೆಂಬರಿನ ನಡುಭಾಗ.

ಪಾಂಗ್ ಊರಲ್ಲ. ಸೇನೆಯ ಒಂದು ತಂಗುದಾಣ, ರಸ್ತೆಯ ಬದಿಗೆ ಹಳೆಯ ಪ್ಯಾರಾಚೂಟಿನ ಬಟ್ಟೆ ಹೊದೆಸಿದ ಗುಡಾರದ ಹೋಟೆಲುಗಳು, ಅಷ್ಟೇ. ಎತ್ತರ 4,600 ಮೀಟರ್. ಹಿಂದಿನ ಸಂಜೆ ಲಾಚುಲುಂಗ್ ಲಾದಿಂದ ಇಳಿಯುವಾಗ ಕಿತ್ತುಹೋದ ರಸ್ತೆಯ ಪುಡಿಮಣ್ಣು ಚೀಲದ ಮೇಲೆ ಬೆರಳ ದಪ್ಪ ಕೂತಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ ಹೊರಗಿಟ್ಟ ಬಾಟಲಿಯ ನೀರು ಹೆಪ್ಪುಗಟ್ಟಿದೆ, ಚೀಲದ ಬಾಯಿ ಸುಟ್ಟ ಹಪ್ಪಳದ ಹಾಗೆ ಸೆಟೆದು ನಿಂತಿದೆ. ಸುರುಳಿ ಸುತ್ತಲು ಹೋದರೆ ಬಗ್ಗುವುದೇ ಇಲ್ಲ. ತಾಡಪತ್ರಿಯ ಮೇಲಿನ ಪಿವಿಸಿ ಎಂಬ ಪ್ಲಾಸ್ಟಿಕ್ ಲೇಪನದ ಗುಣವೇ ಅದು. ಚಳಿಯಲ್ಲಿ ಬಿಗಿಯುತ್ತದೆ, ಜಬರದಸ್ತಿ ಮಾಡಿದರೆ ಮಡಿಕೆಯಲ್ಲಿ ಸೀಳುತ್ತದೆ. ಗುಡಾರದೊಳಗೆ ಒಲೆಯ ಹತ್ತಿರ ತಂದಿಟ್ಟು, ಒಂದು ಲೋಟ ಚಹಾ ಮುಗಿಯುವವರೆಗೆ ಕಾಯಬೇಕಾಯಿತು. ಆ ಎತ್ತರದಲ್ಲಿ ನೀರು ಎಂಬತ್ತೈದು ಡಿಗ್ರಿಯ ಸುಮಾರಿಗೇ ಕುದಿಯುತ್ತದೆ, ಚಹಾಕ್ಕೆ ಬಣ್ಣ ಇಳಿಯುವುದು ತಡ. ಹಾಗಾಗಿ ಚೀಲಕ್ಕೆ ಬೇಕಾದಷ್ಟು ಹೊತ್ತು ಸಿಕ್ಕಿತು. ಚಳಿಯಲ್ಲಿ ಈ ಚೀಲ ಬಳಸುವವರು ರಾತ್ರಿ ಅದನ್ನು ಹೊರಗೆ ಬಿಡಬಾರದು.

ಎರಡೂ ಚೀಲ ಸೇರಿ ಹದಿನಾಲ್ಕು ಕೆ.ಜಿ. ಹತ್ತಿರ ಭಾರವಿತ್ತು. ಎಡಗಡೆ ಮಲಗುವ ಚೀಲ, ಬಟ್ಟೆ; ಬಲಗಡೆ ಅಡುಗೆ ಸಾಮಾನು, ಟ್ಯೂಬು, ಪಾನಾ, ಅವಲಕ್ಕಿ, ಜೋನಿಬೆಲ್ಲದ ಬಾಟಲಿ, ಅಪ್ಪೆಮಿಡಿಯ ಸಣ್ಣ ಡಬ್ಬಿ. ಪಾಂಗ್‌ನಿಂದ ಹೊರಟೊಡನೆ ಏರು. ಒಂದು ಕಡೆ ನದಿ ಕೊರೆದ ಮರಳುಗೋಡೆಗಳು, ಗಾಳಿ ಮಳೆಗೆ ಸವೆದು ಕಂಬ ಕಂಬವಾಗಿ ನಿಂತಿವೆ. ಏರು ಮುಗಿದೊಡನೆ ದಾರಿ ಚಪ್ಪಟೆಯಾಗುತ್ತದೆ. ಅದೇ ಮೋರೆ ಬಯಲು: 4,700 ಮೀಟರ್ ಎತ್ತರದಲ್ಲಿ ನಲವತ್ತು ಕಿಲೋಮೀಟರು ನೇರ ದಾರಿ, ಎರಡೂ ಬದಿಗೆ ಕಂದು ಗುಡ್ಡ, ಮರವೆಂಬುದಿಲ್ಲ. ಕಾಡು ಬಿಟ್ಟರೆ ಬೇರೆ ಕಾಣದ ಮಲೆನಾಡಿನವನಿಗೆ ಮೊದಲು ಆಗುವುದು ಸಂತೋಷವಲ್ಲ, ಒಂದು ಬಗೆಯ ಗಾಬರಿ. ಮೂತ್ರಕ್ಕೆ ನಿಲ್ಲಬೇಕೆಂದರೂ ಮರೆಯಿಲ್ಲ! ದೂರದಲ್ಲಿ ಕಿಯಾಂಗ್ ಎಂಬ ಕಾಡುಕತ್ತೆಗಳ ಗುಂಪೊಂದು ನನ್ನನ್ನು ನೋಡಿ, ನೋಡುವಂಥದ್ದೇನೂ ಇಲ್ಲವೆಂದು ಮೇಯಲು ತೊಡಗಿತು.

ಡಾಂಬರು ಚೆನ್ನಾಗಿದೆ. ಬೆಳಗಿನ ಹೊತ್ತು ಗಾಳಿಯೂ ಇರುವುದಿಲ್ಲ. ಹತ್ತೂವರೆ ದಾಟಿದ ಮೇಲೆ ಬಯಲು ಕಾದು ಗಾಳಿ ಎದ್ದಿತು, ಅದೂ ಬದಿಯಿಂದ. ಇಲ್ಲಿ ಚೀಲದ ದೊಡ್ಡ ದೋಷ ಕಂಡಿತು. ಲಾರಿ ಹೊದಿಕೆ ಹೊಲಿಯುವವರ ಕೈ ಧಾರಾಳದ್ದು. ಚೀಲ ಬೇಕಾದ್ದಕ್ಕಿಂತ ಎರಡಿಂಚು ಅಗಲ. ಆ ಅಗಲ ಗಾಳಿಗೆ ಹಾಯಿಯಾಯಿತು. ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಳ್ಳಿಸಿಕೊಳ್ಳುತ್ತಾ, ಗಂಟೆಗೆ ಹನ್ನೆರಡು ಕಿಲೋಮೀಟರಿನ ಮೇಲೆ ಹೋಗಲಾರದೆ, ಭಾಯ್‌ಯನ್ನು ಮನಸ್ಸಿನಲ್ಲೇ ನೆನೆಸಿಕೊಂಡೆ. ಸಾಮಾನು ಕಡಿಮೆ ಇದ್ದಾಗ ಒಳಗೆ ಒತ್ತಿ ಬಿಗಿಯಲು ಹೊಟ್ಟೆಯ ಮೇಲೆ ಒಂದು ಅಡ್ಡಪಟ್ಟಿ ಇದ್ದಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು.

ಗಾಳಿಯ ಜೊತೆ ಧೂಳು. ರಸ್ತೆ ದುರಸ್ತಿಯಿದ್ದ ಕಡೆ ಲಾರಿಗಳು ಬಯಲಿಗಿಳಿದು ಹೋಗುತ್ತಿದ್ದವು. ಒಂದೊಂದೂ ಹಾದಾಗ ಕೆಲವು ಕ್ಷಣ ಏನೂ ಕಾಣಿಸದು. ಆ ಧೂಳು ಗೋಧಿಹಿಟ್ಟಿಗಿಂತ ನುಣುಪು. ಹ್ಯಾಂಡಲ್ಲಿಗೆ ಕಟ್ಟಿಕೊಂಡಿದ್ದ ಸಣ್ಣ ಚೀಲ ಬೇರೆ ಕಡೆ ಕೊಂಡದ್ದು, ಜಿಪ್ ಇದ್ದದ್ದು, ಬೆಲೆಯಲ್ಲಿ ಈ ಜೋಡಿಯ ಸಮಕ್ಕೆ ಬರುವಂಥದ್ದು. ಅದರ ಜಿಪ್ಪಿನ ಹಲ್ಲುಗಳ ನಡುವೆ ಮಣ್ಣು ಕೂತು ಅರ್ಧದಲ್ಲೇ ಕಚ್ಚಿಕೊಂಡಿತು. ಒಳಗಿದ್ದ ದುಡ್ಡು, ಗುರುತಿನ ಚೀಟಿ, ಮೊಬೈಲ್ ತೆಗೆಯಲು ಮೇಣದ ತುಂಡಿನಿಂದ ಹಲ್ಲು ತಿಕ್ಕುತ್ತಾ ಕೂರಬೇಕಾಯಿತು. ತಾಡಪತ್ರಿ ಚೀಲದ ಬಾಯಿ ಬಿಚ್ಚಿ ನೋಡಿದರೆ ಮೂರು ಸುತ್ತಿನಲ್ಲಿ ಮೊದಲ ಸುತ್ತಿಗೆ ಮಾತ್ರ ಧೂಳು. ಒಳಗಿನ ಬಟ್ಟೆಯ ಮೇಲೆ ಬೆರಳಾಡಿಸಿದರೆ ಏನೂ ಹತ್ತಲಿಲ್ಲ. ಪೆನ್ಸಿಲ್ಲಿನಿಂದ ನನ್ನ ಜಿಪ್ಪುಗಳನ್ನೆಲ್ಲ ಹೊಡೆದುಹಾಕಿದವರಿಗೆ ಲಡಾಖ್ ಎಲ್ಲಿದೆ ಎಂಬುದೂ ಸರಿಯಾಗಿ ಗೊತ್ತಿರಲಿಲ್ಲ.

ಬಯಲು ಮುಗಿಯುವಲ್ಲಿ ದೆಬ್ರಿಂಗ್. ಇಲ್ಲಿಂದ ಬಲಕ್ಕೆ ತ್ಸೋ ಕಾರ್ ಸರೋವರದ ಕಡೆ ದಾರಿ ಒಡೆಯುತ್ತದೆ. ಒಂದೆರಡು ಗುಡಾರಗಳಿವೆ. ಸೈಕಲ್ ಒರಗಿಸಿ ನೋಡುತ್ತೇನೆ, ಬಲಚೀಲದ ಹಿಂದಿನ ಪಟ್ಟಿಯ ಹೊಲಿಗೆ ಬಿಟ್ಟು ನಾಲ್ಕೇ ಎಳೆಯಲ್ಲಿ ನೇತಾಡುತ್ತಿದೆ. ಮೈಯ ಹೊಲಿಗೆಯೆಲ್ಲ ಗಟ್ಟಿಯಾಗಿದೆ, ಆ ಪಟ್ಟಿಯದು ಮಾತ್ರ ಬಿಸಿಲಿಗೆ ಬಿಳಿಚಿ ಪುಡಿಯಾದಂತಿದೆ. ಎತ್ತರ ಸಾವಿರ ಮೀಟರ್ ಏರಿದಂತೆ ಬಿಸಿಲಿನ ಅತಿನೇರಳೆ ಕಿರಣ ಶೇಕಡಾ ಹತ್ತರಷ್ಟಾದರೂ ಹೆಚ್ಚುತ್ತದೆ. ನೈಲಾನ್ ದಾರಕ್ಕೆ ಅದು ಆಗಿಬರುವುದಿಲ್ಲ, ಪಾಲಿಯೆಸ್ಟರ್ ಹೆಚ್ಚು ತಾಳುತ್ತದೆ. ಊರಿಗೆ ಬಂದು ವಿಚಾರಿಸಿದಾಗ ಭಾಯ್ ಒಪ್ಪಿಕೊಂಡರು: ದಪ್ಪ ದಾರ ಮುಗಿದಿತ್ತು, ಅದೊಂದು ಪಟ್ಟಿಗೆ ಸೀಟಿನ ದಾರ ಹಾಕಿದ್ದರು.

ಅದಿರಲಿ, ಪೊಟ್ಟಣದಲ್ಲಿ ದಬ್ಬಣ ಇತ್ತಲ್ಲ. ಅಡಿಕೆ ಮೂಟೆಯ ಬಾಯಿ ಹೊಲಿಯುವುದನ್ನು ದಿನವೂ ಕಾಣುವವನು ನಾನು. ಗುಡಾರದೊಳಗೆ ಕೂತು, ಹಳೆಯ ತೂತುಗಳಲ್ಲೇ ಮೇಣದ ದಾರ ಹಾಯಿಸಿ ಹಿಂದೆ ಮುಂದೆ ಎರಡು ಸಾಲು ಹಾಕಿದೆ. ಗುಡಾರದ ಯಜಮಾನತಿ ಚಹಾ ತಂದಿಟ್ಟು, ಚೀಲವನ್ನು ಮಗುಚಿ ತಳ ನೋಡಿ, ಅಂಚಿನ ಮಡಿಕೆಯ ಮೇಲೆ ಹೆಬ್ಬೆರಳು ಎಳೆದರು. ಅವರ ಗುಡಾರವೂ ಹೊಲಿಗೆಯದೇ ತಾನೇ. ಎಲ್ಲಿಯದು ಎಂದು ಹಿಂದಿಯಲ್ಲಿ ಕೇಳಿದರು. ಕರ್ನಾಟಕ ಎಂದೆ.

"ಮುಂಡಗೋಡವಾ?" ಎಂದರು.

ನನಗೆ ಚಹಾ ನೆತ್ತಿಗೆ ಹತ್ತಿತು. ಅವರ ತಮ್ಮ ಮುಂಡಗೋಡದ ಮಠವೊಂದರಲ್ಲಿ ಓದುತ್ತಿದ್ದಾನಂತೆ. 1966ರಲ್ಲಿ ಶುರುವಾದ ಆ ಟಿಬೆಟನ್ ವಸಾಹತಿನ ಮಠಗಳಿಗೆ ಲಡಾಖಿನ ಹುಡುಗರು ಬರುವುದು ನನಗೆ ತಿಳಿದಿತ್ತು, ಆದರೆ 4,700 ಮೀಟರ್ ಎತ್ತರದಲ್ಲಿ ನಮ್ಮ ತಾಲ್ಲೂಕಿನ ಪಕ್ಕದ ಊರಿನ ಹೆಸರು ಕೇಳುತ್ತೇನೆಂದು ಅಂದುಕೊಂಡಿರಲಿಲ್ಲ. ಚೀಲ ಹೊಲಿದದ್ದು ಅಲ್ಲಿಂದ ಐವತ್ತು ಕಿಲೋಮೀಟರು ದೂರದ ಪೇಟೆಯಲ್ಲಿ ಎಂದೆ. ಬೆಲೆ ಕೇಳಿದರು, ಹೇಳಿದೆ. ಜಾಸ್ತಿಯಾಯಿತು ಎಂಬಂತೆ ತಲೆಯಾಡಿಸಿ ಮ್ಯಾಗಿ ಮಾಡಲು ಎದ್ದರು.

ದೆಬ್ರಿಂಗ್‌ನಿಂದ ತಂಗ್ಲಾಂಗ್ ಲಾ ನೆತ್ತಿಗೆ ಇಪ್ಪತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಏರಬೇಕಾದದ್ದು ಆರುನೂರು ಮೀಟರಿನ ಮೇಲೊಂದಿಷ್ಟು. ಕುಮಟಾದಿಂದ ಶಿರಸಿಗೆ ಏರುವುದೂ ಹೆಚ್ಚುಕಡಿಮೆ ಅಷ್ಟೇ, ಇಳಿಜಾರೂ ದೇವಿಮನೆಗಿಂತ ಮೃದು. ಆದರೆ ಗಾಳಿಯ ಒತ್ತಡ ಸಮುದ್ರ ದಂಡೆಯಲ್ಲಿ ಇರುವುದರ ಅರ್ಧಕ್ಕೆ ಬಂದಿರುತ್ತದೆ. ಇನ್ನೂರು ಮೀಟರಿಗೊಮ್ಮೆ ನಿಂತು, ಹ್ಯಾಂಡಲ್ಲಿನ ಮೇಲೆ ಹಣೆ ಇಟ್ಟು, ಮತ್ತೆ ತುಳಿದೆ. ಅತಿ ಚಿಕ್ಕ ಗಿಯರಿನಲ್ಲಿ ಇಷ್ಟು ನಿಧಾನ ಹೋಗುವಾಗ ಸೈಕಲ್ ತೂಗಾಡುತ್ತದೆ, ಚೀಲ ಸಡಿಲವಿದ್ದರೆ ಆ ತೂಗಾಟ ದುಪ್ಪಟ್ಟಾಗುತ್ತದೆ. ಇವು ಅಲ್ಲಾಡಲಿಲ್ಲ. ಕೊಕ್ಕೆಯ ಒಳಗಿನ ಟ್ಯೂಬಿನ ರಬ್ಬರು ಸರಳನ್ನು ಕಚ್ಚಿ ಹಿಡಿದಿತ್ತು.

ಎತ್ತರ ಏರಿದಂತೆ ಒಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ. 2,050 ಮೀಟರ್ ಎತ್ತರದ ಮನಾಲಿಯಲ್ಲಿ ಕೊಂಡ ಬಿಸ್ಕತ್ತಿನ ಪೊಟ್ಟಣ ಇಲ್ಲಿ ಒಂದೂವರೆ ಪಟ್ಟು ಉಬ್ಬಲು ಹವಣಿಸುತ್ತದೆ. ಕೆಲವು ಒಡೆದೂ ಹೋಗುತ್ತವೆ. ಜೋನಿಬೆಲ್ಲದ ಬಾಟಲಿಯ ಮುಚ್ಚಳ ಸಡಿಲಿಸಿದರೆ ಸೋಡಾದಂತೆ ಸದ್ದು ಮಾಡಿತು. ಬೆಳಿಗ್ಗೆ ಪಾಂಗ್‌ನಲ್ಲಿ ಬಿಗಿದ ಚೀಲ ನೆತ್ತಿಗೆ ಬರುವಷ್ಟರಲ್ಲಿ ಹತ್ತನೆಯ ಒಂದು ಪಾಲು ಹಿಗ್ಗಬೇಕು. ನಮ್ಮ ಚೀಲ ಬಿಗಿಯಲೂ ಇಲ್ಲ, ಪಟ್ಟಿಯ ಮೇಲೆ ಭಾರ ಬೀಳಲೂ ಇಲ್ಲ. ಸುರುಳಿಯ ಎರಡು ತುದಿಯಲ್ಲಿ ಗಾಳಿ ನುಸುಳಿ ಹೊರಗೆ ಹೋಗುತ್ತಿತ್ತು. ಇದು ಭಾಯ್ ಯೋಚಿಸಿ ಮಾಡಿದ್ದಲ್ಲ, ಕೈಕೆಲಸದ ಅಸಮತೆಯಿಂದ ತಾನಾಗಿ ಬಂದ ಗುಣ. ಆದರೂ ಅಂಕ ಕೊಡುತ್ತೇನೆ.

ನೆತ್ತಿಯಲ್ಲಿ ಬಣ್ಣದ ಪ್ರಾರ್ಥನಾ ಪತಾಕೆಗಳು, ಗಡಿರಸ್ತೆ ಸಂಸ್ಥೆಯ ಹಳದಿ ಫಲಕ. ಫಲಕದಲ್ಲಿ 17,582 ಅಡಿ. ಅಳತೆಯ ಪುಸ್ತಕಗಳಲ್ಲಿ ಸಿಗುವುದು 5,328 ಮೀಟರ್, ಅಂದರೆ 17,480 ಅಡಿ. ನೂರೆರಡು ಅಡಿ ತಾಳೆಯಾಗುವುದಿಲ್ಲ. ನಮ್ಮ ಸೊಸೈಟಿಯಲ್ಲಾದರೆ ಲೆಕ್ಕ ತಪಾಸಣೆಯವರು ಸುಮ್ಮನೆ ಬಿಡುತ್ತಿರಲಿಲ್ಲ. ಅವಲಕ್ಕಿಗೆ ಜೋನಿಬೆಲ್ಲ ಸುರಿದುಕೊಂಡು ಫಲಕದ ಬುಡದಲ್ಲೇ ತಿಂದೆ. ಅವಲಕ್ಕಿಗೆ ತಾಡಪತ್ರಿಯ ವಾಸನೆ ಹತ್ತಿತ್ತು. ಇದನ್ನು ಗಂಭೀರವಾಗಿಯೇ ಹೇಳುತ್ತಿದ್ದೇನೆ: ಹೊಸ ಚೀಲದ ಪಿವಿಸಿ ನಾತ ತಿಂಗಳುಗಟ್ಟಲೆ ಹೋಗುವುದಿಲ್ಲ, ಬಿಸಿಲಿಗೆ ಕಾದಾಗ ಇನ್ನೂ ಜೋರಾಗುತ್ತದೆ. ತಿನ್ನುವ ಸಾಮಾನನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕದೆ ಬೇರೆ ಉಪಾಯವಿಲ್ಲ. ಅಪ್ಪೆಮಿಡಿಯೊಂದು ಮಾತ್ರ ಆ ವಾಸನೆಗೆ ಜಗ್ಗಲಿಲ್ಲ.

ಇಳಿತ ಮೂವತ್ತು ಕಿಲೋಮೀಟರು, ಸಾವಿರ ಮೀಟರಿನ ಮೇಲೆ. ಚೀಲದ ಕೊಕ್ಕೆಗೆ ನಿಜವಾದ ಪರೀಕ್ಷೆ ಏರಿನಲ್ಲಿ ಅಲ್ಲ, ಇಲ್ಲಿ. ತಿರುವಿನಲ್ಲಿ ಕಿತ್ತುಹೋದ ಡಾಂಬರಿನ ಮೇಲೆ ಸೈಕಲ್ ಜಿಗಿದಾಗ ಚೀಲ ಮೇಲಕ್ಕೆ ಹಾರಿ ಕಳಚಿಕೊಳ್ಳಲು ನೋಡುತ್ತದೆ. ಅದಕ್ಕಾಗಿ ಕೆಳಗೆ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ ಮಾಡಿದ ಪಟ್ಟಿಯೊಂದನ್ನು ಕ್ಯಾರಿಯರಿನ ಕಾಲಿಗೆ ಸಿಕ್ಕಿಸುವಂತೆ ಕೊಟ್ಟಿದ್ದಾರೆ. ಚೀಲ ಎದ್ದಿತು, ರಬ್ಬರು ಎಳೆದು ಕೂರಿಸಿತು. ರುಮ್ತ್ಸೆಯವರೆಗೂ ಇದೇ ನಡೆಯಿತು. ರುಮ್ತ್ಸೆ ಈ ದಾರಿಯಲ್ಲಿ ಬಹಳ ದೂರದ ನಂತರ ಸಿಗುವ ಮೊದಲ ನಿಜವಾದ ಹಳ್ಳಿ. ಬಾರ್ಲಿ ಕೊಯ್ಲು ಮುಗಿದ ಗದ್ದೆಗಳು, ಕಲ್ಲುಗೋಡೆ, ಒಂದು ಸಾಲು ಮರ. ತಂಗಿದ ಮನೆಯಲ್ಲಿ ಚೀಲ ಕಳಚಿ ಒಳಗಿನ ಸಾಮಾನೆಲ್ಲ ತೆಗೆದು ಜೋಡಿಸಿದೆ. ದೆಬ್ರಿಂಗ್‌ನಲ್ಲಿ ಹಾಕಿದ ಹೊಲಿಗೆ ಹಾಗೇ ಇತ್ತು. ಎಡಚೀಲದ ಒಂದು ಮೂಲೆಯಲ್ಲಿ, ಚಳಿಗೆ ಸೆಟೆದ ಕಡೆ, ಲೇಪನದ ಮೇಲೆ ಕೂದಲೆಳೆಯಂಥ ಬಿರುಕು ಕಂಡಿತು. ಪಂಕ್ಚರ್ ಸೊಲ್ಯೂಷನ್ ಸವರಿದೆ, ಇಂದಿನವರೆಗೂ ಬೆಳೆದಿಲ್ಲ.

ಇನ್ನು ತಕರಾರುಗಳು. ತೂಕ ಮೊದಲನೆಯದು. ಈ ಜೋಡಿ ತೂಗುವುದು 3.2 ಕೆ.ಜಿ. ಆರ್ಟ್ಲೀಬಿನ ನಲವತ್ತು ಲೀಟರಿನ ಹಳೆಯ ಮಾದರಿಯ ಜೋಡಿ 1.9 ಕೆ.ಜಿ. ಒಂದು ಕೆ.ಜಿ. ಮುನ್ನೂರು ಗ್ರಾಂ ವ್ಯತ್ಯಾಸ ಶಿರಸಿ ಪೇಟೆಯಲ್ಲಿ ಏನೂ ಅಲ್ಲ, ತಂಗ್ಲಾಂಗ್ ಲಾದ ಕೊನೆಯ ತಿರುವಿನಲ್ಲಿ ಲೆಕ್ಕಕ್ಕೆ ಬರುತ್ತದೆ. ಅದೇ ಹೊತ್ತಿಗೆ ಆ ಜೋಡಿಯನ್ನು ಇಲ್ಲಿ ತರಿಸಿಕೊಂಡರೆ ಹತ್ತು ಸಾವಿರದ ಮೇಲೆ ಹೋಗುತ್ತದೆ ಎಂಬುದನ್ನೂ ಬರೆದಿಡಬೇಕು. ವರ್ಷಕ್ಕೊಮ್ಮೆ ದೂರ ಹೋಗುವವರು, ಉಳಿದ ದಿನಗಳಲ್ಲಿ ಅದೇ ಚೀಲದಲ್ಲಿ ತರಕಾರಿ, ಹಿಂಡಿ, ಮೈಲುತುತ್ತು ಸಾಗಿಸುವವರು ನನ್ನಂತೆ ಯೋಚಿಸಿಯಾರು. ವೇಗದ ಮೇಲೆ ಕಣ್ಣಿಟ್ಟವರಿಗೆ, ಎರಡು ಬಟ್ಟೆ ಒಂದು ಬ್ರಷ್ಷಿನಲ್ಲಿ ಹೋಗುವವರಿಗೆ ಇದು ಬೇಡ.

ರಾತ್ರಿ ಬೆಳಕಿಗೆ ಹೊಳೆಯುವ ಪಟ್ಟಿ ಇಲ್ಲ. ನಾನು ಆಮೇಲೆ ಅಂಟಿಸಿಕೊಂಡೆ, ಅದು ಕಿತ್ತುಬಂತು, ಹೊಲಿಯುವಾಗಲೇ ಹಾಕಿಸಬೇಕು. ಕಡುನೀಲಿಯೂ ಬೇಡ, ಹಳದಿ ತಾಡಪತ್ರಿ ಅವರಲ್ಲಿ ಸಿಗುತ್ತದೆ. ಅರಬೈಲು ಘಟ್ಟದಲ್ಲಿ ಲಾರಿ, ಟ್ಯಾಂಕರುಗಳ ನಡುವೆ ಸಿಕ್ಕಿಕೊಂಡವರಿಗೆ ಕಾರಣ ಹೇಳಬೇಕಿಲ್ಲ. ಎತ್ತಿಕೊಂಡು ನಡೆಯಲು ಹೆಗಲಪಟ್ಟಿ ಇಲ್ಲ. ರೈಲಿನಲ್ಲಿ ಇದರಷ್ಟು ಗೋಳು ಬೇರೆಯಿಲ್ಲ, ಏಕೆಂದರೆ ಡ್ರಮ್ಮಿನ ಹಾಳೆ ಇರುವುದರಿಂದ ಚೀಲ ಮಡಿಸಲೂ ಬರುವುದಿಲ್ಲ.

ನನ್ನ ಚೀಲವನ್ನು ನೋಡಿ ಇಬ್ಬರು ಮಾಡಿಸಿಕೊಂಡರು. ಅವರದ್ದು ಎರಡಿಂಚು ಕಿರಿದು, ಹೊಟ್ಟೆಗೆ ಅಡ್ಡಪಟ್ಟಿ ಉಂಟು, ಎಲ್ಲ ಹೊಲಿಗೆಗೂ ಒಂದೇ ದಪ್ಪ ದಾರ. ಬೆಲೆ 3,200ಕ್ಕೆ ಏರಿದೆ. ನನ್ನದರ ಪಟ್ಟಿಗಳನ್ನೆಲ್ಲ ಪುಕ್ಕಟೆ ಮರುಹೊಲಿದುಕೊಟ್ಟರು, ದೆಬ್ರಿಂಗ್‌ನ ಹೊಲಿಗೆಯನ್ನು ನೋಡಿ "ಇದು ಇರಲಿ" ಎಂದು ಬಿಚ್ಚದೆ ಬಿಟ್ಟರು.

ಚೀಲ ಹೊಲಿಸಲು ಅಂಗಡಿಗೆ ಹೋಗುವವರು ಸೈಕಲ್ ಒಯ್ಯಿರಿ, ಕ್ಯಾರಿಯರ್ ಬಿಗಿದುಕೊಂಡೇ ಒಯ್ಯಿರಿ, ಪ್ರವಾಸದಲ್ಲಿ ಹಾಕುವ ಬೂಟನ್ನೇ ಹಾಕಿಕೊಂಡು ಹೋಗಿ. ಮೇ ತಿಂಗಳಲ್ಲಿ ಹೋಗಬೇಡಿ, ಮಳೆಗೆ ಮುಂಚೆ ಊರಿಗೆ ಊರೇ ಅಲ್ಲಿ ಸಾಲು ನಿಂತಿರುತ್ತದೆ. ದೀಪಾವಳಿ ದಾಟಿದ ಮೇಲೆ ಅಡಿಕೆ ಅಂಗಳದ ಹೊದಿಕೆಗಳ ಗಡಿಬಿಡಿ. ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಅದು ಮುಗಿಯುವವರೆಗೆ ಮಾತೇ ಆಡಿಸಬೇಡಿ, ಅಂಗಡಿಗಳವರೆಲ್ಲ ಮಾಡಿನ ಹೊದಿಕೆಗೆ ಮುಗಿಬಿದ್ದಿರುತ್ತಾರೆ. ಆಷಾಢ, ಶ್ರಾವಣದಲ್ಲಿ ಕೈ ಸ್ವಲ್ಪ ಖಾಲಿ. ಆಗ ಕೊಟ್ಟರೆ ಎಂಟು ದಿನದಲ್ಲಿ ಎಂದು ಹೇಳಿ ಹದಿನೈದು ದಿನಕ್ಕೆ ಕೊಡುತ್ತಾರೆ. ಮುಂಗಡ ಅರ್ಧ, ನಗದು ಮಾತ್ರ. ಜಿಪ್ಪಿನ ಮಾತು ಎತ್ತಬೇಡಿ.